ಹಳಕಟ್ಟಿಯವರ ಅಧ್ಯಯನ ಕಾಯಕ

ನಮ್ಮ ಹಿರಿಯರ ಮನೆಗಳಲ್ಲಿ ದೇವರ ಜಗುಲಿಯ ಮೇಲೆ, ಪೂಜೆಯ ಸಲಕರಣೆಗಳ ಬದಿಯಲ್ಲಿ, ವಸ್ತ್ರದಲ್ಲಿ ಸುತ್ತಿದ ತಾಡವೋಲೆಯ ಕಟ್ಟುಗಳು ಇರುತ್ತಿದ್ದುವು. ಅವುಗಳಿಗೆ ವಿಭೂತಿ ಧರಿಸಿ, ಪತ್ರೆ ಪುಷ್ಪಗಳನ್ನೇರಿಸಿ, ಧೂಪ ತೋರಿಸಿ ನಮಸ್ಕರಿಸುವ ವಾಡಿಕೆಯಿದ್ದಿತು. ಆದರೆ ಆ ಕಟ್ಟನ್ನು ಬಿಚ್ಚಿ, ಓಲೆಯನ್ನು ಕೈಗೆತ್ತಿಕೊಂಡು, ಅದರಲ್ಲಿ ಏನು ಬರೆದಿದೆಯೆಂದು ಓದುವವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಹಳ ವಿರಳರಾಗಿದ್ದರು. ಅಲ್ಲೊಂದು ಇಲ್ಲೊಂದು ವಚನಗ್ರಂಥ ಅಚ್ಚಾಗಿದ್ದಿತಾದರೂ, ಹನ್ನೆರಡನೆಯ ಶತಮಾನದ ಶರಣರು ಜನರ ಆಡುಮಾತಿನಲ್ಲಿ ಜನರಿಗಾಗಿಯೇ ನುಡಿದುದು ಜನರಿಗೆ ತಿಳಿಯದೆ ಪೂಜಾವಸ್ತುವಾಗಿ ಉಳಿದಿದ್ದಿತು. ಆ ಕಟ್ಟುಗಳನ್ನು ಬಿಚ್ಚಿಸಿ ಓದಿದವರು, ಓದಿ ಅಚ್ಚು ಹಾಕಿಸಿದವರು, ಮಠಾಧಿಪತಿಗಳಲ್ಲ. ಸಂಸ್ಕೃತ ಪಾಠಶಾಲೆಯ ಪಂಡಿತರೂ ಅಲ್ಲ. ಕೋರ್ಟು ಕಚೇರಿಗಳಲ್ಲಿ ದುಡಿಯುತ್ತಿದ್ದ ಒಬ್ಬ ಸಂಸಾರಸ್ಥ ವಕೀಲರು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು ೧೮೮೦ನೆಯ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ತಾಯಿ ದಾನಮ್ಮನವರು ಮಗು ಇನ್ನೂ ಚಿಕ್ಕದಿರುವಾಗಲೇ ಲಿಂಗೈಕ್ಯರಾದುದರಿಂದ ಅಜ್ಜಿಯೇ ತಾಯಿಯಾಗಿ ಸಲಹಿದರು. ತಂದೆಯ ಮೇಜಿನ ಮೇಲಿನ ಕಾಗದ, ಮಸಿ, ಪುಸ್ತಕ ಇವುಗಳ ನಡುವೆ ಬೆಳೆದ ಹುಡುಗನಿಗೆ ಬರವಣಿಗೆಯೆಂಬುದು ಮನೆಯ ಉದ್ಯೋಗವೇ ಆಗಿದ್ದಿತು. ಆ ಕಾಲದ ಧಾರವಾಡದ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಮುಂಬಯಿ ಇಲಾಖೆಗೆ ಸೇರಿದ್ದ ಆ ಭಾಗದಲ್ಲಿ ಮರಾಠಿಯ ಪ್ರಾಬಲ್ಯ ಅತಿಶಯವಾಗಿದ್ದು, ಕನ್ನಡಿಗರೇ ಕನ್ನಡವನ್ನು ಬರೆಯಲು ಸಂಕೋಚಪಡುತ್ತಿದ್ದರು. ಕರ್ನಾಟಕ ವಿದ್ಯಾವರ್ಧಕ ಸಂಘವು ಅದೇ ಊರಿನಲ್ಲಿ ೧೮೯೦ರಲ್ಲಿ ಸ್ಥಾಪನೆಯಾದಾಗ ಫಕೀರಪ್ಪನವರಿಗೆ ಹತ್ತು ವರ್ಷ.

೧೮೯೬ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೆ ಹೋದರು. ಅವು ಆ ನಗರದಲ್ಲಿ ಪ್ಲೇಗು ಹಬ್ಬಿದ್ದ ವರ್ಷಗಳು. ಅಲ್ಲಿ ಅವರು ಆರಿಸಿಕೊಂಡುದು ವಿಜ್ಞಾನವನ್ನು. ಕಾವ್ಯ ಶಾಸ್ತ್ರಗಳನ್ನಲ್ಲ ಎಂಬುದು ಗಮನಿಸಬೇಕಾದ ಸಂಗತಿ. ವಸ್ತುಗಳನ್ನು ಬಿಡಿಬಿಡಿಯಾಗಿ ನೋಡುವುದು, ಒಂದನ್ನು ಇನ್ನೊಂದರೊಡನೆ ಹೋಲಿಸುವುದು, ಗುಂಪುಗೂಡಿಸುವುದು, ಹೆಸರಿಟ್ಟು ಇಡುವುದು, ಈ ಅಭ್ಯಾಸಗಳು ಪದಾರ್ಥವಿಜ್ಞಾನದಿಂದ ಬಂದುವು. ಮುಂದೆ ಅವು ಸಂದದ್ದು ವಚನಗಳಿಗೆ. ಮುಂಬಯಿಯಲ್ಲಿದ್ದಾಗ ಗುಜರಾತಿಗಳೂ ಮಹಾರಾಷ್ಟ್ರೀಯರೂ ತಮ್ಮ ತಮ್ಮ ಭಾಷೆಗಾಗಿ ತೋರುತ್ತಿದ್ದ ಅಭಿಮಾನವನ್ನು ಕಂಡು ಅವರ ಮನಸ್ಸು ತಮ್ಮ ನಾಡಿನ ಕಡೆಗೆ ಹೊರಳಿತು. ಮುಂದೆ ಕರ್ನಾಟಕದ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರ ಸ್ನೇಹವೂ ಅಲ್ಲಿಯೇ ಬೆಳೆಯಿತು. ಅನಂತರ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು ೧೯೦೪ರಲ್ಲಿ ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಬಹುಬೇಗನೆ ಬಿಜಾಪುರಕ್ಕೆ ಬಂದು ನೆಲೆಸಿದರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ಊರೇ ಅವರ ಜೀವಮಾನದ ಕರ್ಮಭೂಮಿಯಾಯಿತು.

ಬಿಜಾಪುರವು ಮಳೆ ಕಡಮೆಯ, ಬರ ಹೆಚ್ಚಿನ ಸೀಮೆ. ಅಲ್ಲಿ ವಿದ್ಯೆಯೂ ಸಾಲವೂ ಎರಡೂ ಬಡವರಿಗೆ ದುರ್ಲಭವಾಗಿದ್ದುವು. ೧೯೧೦ರಲ್ಲಿ ಬಿಜಾಪುರ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನೂ, ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟುವುದರಲ್ಲಿ ಹಳಕಟ್ಟಿಯವರು ಮುಂದಾಗಿ ನಿಂತರು. ನಗರಸಭೆಯ ಕೆಲಸ, ಸಹಕಾರ ಸಂಘಗಳ ಕೆಲಸ, ಮುಂದೆ ಮುಂಬಯಿಯ ವಿಧಾನ ಪರಿಷತ್ತಿನ ಸದಸ್ಯತ್ವ, ಸರಕಾರಿ ವಕೀಲಿ, ಇವೆಲ್ಲವೂ ಒಂದರ ಹಿಂದೆ ಒಂದು ಬಂದುವು. ಇವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಅವರು ನಿಲ್ಲಿಸಿದ ಸಂಸ್ಥೆಗಳು ಇಂದಿಗೂ ನಡೆಯುತ್ತಿವೆ, ವಿದ್ಯಾಸಂಸ್ಥೆಯಂತೂ ವೈದ್ಯಕೀಯ, ತಾಂತ್ರಿಕ ವಿದ್ಯಾಲಯಗಳವರೆಗೆ ಬೆಳೆದಿದೆ, ಎಂದಿಷ್ಟು ಹೇಳಿದರೆ ಸಾಕು. ನಮಗೆ ಇಲ್ಲಿ ಮುಖ್ಯವಾದುದು ಈ ಕೆಲಸಗಳೆಲ್ಲ ಮುಗಿದ ಮೇಲೆ ಅವರಿಗೆ ಉಳಿಯುತ್ತಿದ್ದ ಹೊತ್ತು, ಮತ್ತು ಆ ಹೊತ್ತನ್ನು ಅವರು ಬಳಸಿದ ರೀತಿ.

ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ವರ್ಷಗಳಲ್ಲಿ ರಬಕವಿಯ ಮಂಚಾಲೆಯವರ ಮನೆಯಲ್ಲಿ ಅವರಿಗೆ ಕೆಲವು ವಚನಗಳ ಹಸ್ತಪ್ರತಿಗಳು ಕಾಣಿಸಿದುವು. ಲಿಂಗವಂತರ ಮನೆಯಲ್ಲಿ ಹುಟ್ಟಿ, ಉನ್ನತ ಶಿಕ್ಷಣವನ್ನು ಪಡೆದಿದ್ದರೂ, ತಮ್ಮವರ ಇಂಥ ಒಂದು ಸಾಹಿತ್ಯರಾಶಿ ಇದೆಯೆಂಬುದು ಅಲ್ಲಿಯವರೆಗೆ ಅವರ ಅನುಭವಕ್ಕೆ ಬಂದಿರಲಿಲ್ಲ. ಓದಿದರು, ಬೆರಗಾದರು. ಬೆರಗಾದವರು ಆ ಕಾಲದಲ್ಲಿ ಇನ್ನೂ ಕೆಲವರಿದ್ದಿರಬಹುದು. ಆದರೆ ಬೆರಗಿನ ಮರುದಿನದಿಂದ ಆರಂಭವಾದ ದುಡಿಮೆಯನ್ನು ಅರವತ್ತು ವರ್ಷ ನಡೆಯಿಸಿಕೊಂಡು ಬಂದವರು ಇವರೊಬ್ಬರೇ.

ಆ ದುಡಿಮೆ ಎಂಥದೆಂಬುದನ್ನು ಇಂದಿನ ವಾಚಕರಿಗೆ ಸ್ವಲ್ಪ ವಿವರಿಸಬೇಕು. ಅಂದವಾದ ಅಕ್ಷರಗಳಲ್ಲಿ ಮುದ್ರಿತವಾದ ವಚನಗಳನ್ನೇ ಕಂಡಿರುವ ನಮಗೆ, ಅವು ಮೊದಲಿನಿಂದಲೂ ಹಾಗೆಯೇ ಸಾಲುಸಾಲಾಗಿ ಇದ್ದುವೆಂಬ ಭ್ರಮೆಯಿದೆ. ತಾಡವೋಲೆಯಲ್ಲಿ ಕಬ್ಬಿಣದ ಕಂಟದಿಂದ ಕೊರೆದು, ಕೊರೆದ ಗೆರೆಗೆ ಕಾಡಿಗೆ ತುಂಬಿದ ಬರಹವದು. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಓಲೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. ಹ್ರಸ್ವ ಎಕಾರ ಒಕಾರಗಳಿಗೂ ದೀರ್ಘಗಳಿಗೂ ಭೇದ ತೋರಿಸುವ ಪದ್ಧತಿಯಿಲ್ಲ. ಅಂಚು ಮುರಿದಿರುತ್ತದೆ, ಹುಳು ತಿಂದಿರುತ್ತದೆ, ಒಂದು ಕಟ್ಟಿನ ಓಲೆ ಇನ್ನೊಂದು ಕಟ್ಟಿನಲ್ಲಿ ಸೇರಿರುತ್ತದೆ. ವಚನ ಎಲ್ಲಿ ಮುಗಿಯಿತು, ಯಾರದು ಎಂಬುದಕ್ಕೆ ಅಂಕಿತವೇ ಆಧಾರ. ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರದು, ಗುಹೇಶ್ವರನೆಂದರೆ ಪ್ರಭುದೇವರದು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕನದು. ಇವು ಎಲ್ಲರಿಗೂ ತಿಳಿದವು. ಹೆಸರನ್ನೇ ಕೇಳದ ಶರಣರ ಅಂಕಿತ ಬಂದಾಗ ಅದು ಯಾರದೆಂದು ನಿಶ್ಚಯಿಸಲು ಪುರಾಣಗಳನ್ನೂ, ಸಂಕಲನಗ್ರಂಥಗಳನ್ನೂ, ಇತರ ಪ್ರತಿಗಳನ್ನೂ ಶೋಧಿಸಬೇಕು. ಲಿಪಿಕಾರನ ಕಣ್ಣು ಜಾರಿ ಒಂದು ಅಂಕಿತದ ಬದಲು ಇನ್ನೊಂದು ಬಿದ್ದಿರುವುದೂ ಉಂಟು. ಒಂದೇ ವಚನವನ್ನು ನಾಲ್ಕು ಪ್ರತಿಗಳಲ್ಲಿ ನೋಡಿ, ಭಿನ್ನವಾದ ಪಾಠಗಳಲ್ಲಿ ಯಾವುದು ಸಮಂಜಸವೆಂದು ತೂಗಿ, ಕೈಯಿಂದ ಪ್ರತಿ ಮಾಡಿಕೊಳ್ಳಬೇಕು. ಇಂತಹ ಓದನ್ನು ಕಲಿಸುವ ಗುರುಗಳು ಅವರಿಗೆ ಯಾವ ಕಾಲೇಜಿನಲ್ಲಿಯೂ ಇರಲಿಲ್ಲ. ಓಲೆಯನ್ನು ಓದಿ ಓದಿಯೇ ಓಲೆಯ ಓದನ್ನು ಕಲಿತರು.

ಓಲೆಗಳು ದೊರೆಯುವುದಾದರೂ ಸುಲಭವೆ? ಪೂಜೆಯ ವಸ್ತುವನ್ನು ಮನೆಯಿಂದ ಹೊರಗೆ ಕೊಡಲು ಮನೆಯವರು ಅಂಜುತ್ತಿದ್ದರು. ಕೊಟ್ಟರೆ ಮನೆಗೆ ಕೇಡೆಂಬ ನಂಬಿಕೆ ಕೆಲವರಿಗೆ, ಕೊಟ್ಟದ್ದು ಹಿಂದಿರುಗಿ ಬಾರದೆಂಬ ಸಂದೇಹ ಕೆಲವರಿಗೆ. ಹಳಕಟ್ಟಿಯವರು ಮಠಗಳಿಗೆ ಹೋದರು, ಹಳ್ಳಿಗಳಿಗೆ ಹೋದರು, ಪತ್ರ ಬರೆದರು, ವಿನಂತಿಸಿಕೊಂಡರು. ಇಲ್ಲಿ ಅವರಿಗೆ ನೆರವಾದುದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಜನರೊಡನೆ ಇದ್ದ ಸಂಬಂಧ. ಕೋರ್ಟಿನ ಕೆಲಸಕ್ಕೆ ಬಂದ ರೈತನೂ, ಸಹಕಾರ ಸಂಘದ ಸಾಲಕ್ಕೆ ಬಂದ ನೇಕಾರನೂ ಅವರನ್ನು ಬಲ್ಲವರು. ನಂಬಿಕೆಯುಳ್ಳೆಡೆಯಲ್ಲಿ ಓಲೆಯ ಕಟ್ಟು ಜಗುಲಿಯಿಂದ ಇಳಿದು ಬಂದಿತು. ಹೀಗೆ ಕೂಡಿದ ಹಸ್ತಪ್ರತಿಗಳ ಸಂಖ್ಯೆ ೧೯೨೦ರ ಸುಮಾರಿಗೆ ಸಾವಿರವನ್ನು ಮುಟ್ಟಿದ್ದಿತೆನ್ನುತ್ತಾರೆ. ಅಲ್ಲಿಯವರೆಗೆ ಸಾಹಿತ್ಯಚರಿತ್ರೆಯಲ್ಲಿ ಹೆಸರು ಕಾಣಿಸುತ್ತಿದ್ದ ವಚನಕಾರರು ಕೆಲವು ಹತ್ತು ಮಂದಿ. ಇವರ ಶೋಧನೆಯಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು. ಮಡಿವಾಳ, ಅಂಬಿಗ, ಮೇದಾರ, ಹಗ್ಗ ಹೊಸೆಯುವವ, ಅಕ್ಕಿ ಆಯುವವ, ಹೀಗೆ ನಾನಾ ಕಾಯಕದ ಶರಣರು ತಮ್ಮ ತಮ್ಮ ಮಾತಿನೊಡನೆ ಮತ್ತೆ ನಮ್ಮೆದುರಿಗೆ ಬಂದರು.

ಆಯ್ದಕ್ಕಿ ಮಾರಯ್ಯನವರ ಕಥೆ ವಾಚಕರಿಗೆ ಗೊತ್ತಿರುವುದೇ. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಲಕ್ಕಮ್ಮನವರು ತಡೆದು, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಮಾಡಿದರು. ದಾಂಪತ್ಯದಲ್ಲಿ ಒಬ್ಬರು ಇನ್ನೊಬ್ಬರ ಸಾಧನೆಗೆ ಕಾವಲಾಗುವುದು ಎಂದರೆ ಇದು. ಹಳಕಟ್ಟಿಯವರ ಜೀವನವನ್ನು ಬರೆಯುವವರು ಅವರ ಧರ್ಮಪತ್ನಿ ಭಾಗೀರಥಿಯವರ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದನ್ನು ನೋಡುವಾಗ ನನಗೆ ಈ ಕಥೆ ನೆನಪಿಗೆ ಬರುತ್ತದೆ. ಅವರ ವಿಷಯಕ್ಕೆ ಮುಂದೆ ಬರುವೆನು.

ಹೊತ್ತಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಸಂಸಾರಿಗಳಾದ ನಾವು ವಚನಾಧ್ಯಯನಕ್ಕೆ ವೇಳೆಯಿಲ್ಲವೆಂದು ಹೇಳುವುದು ರೂಢಿಯಾಗಿದೆ. ನೌಕರಿ, ಮಕ್ಕಳ ವಿದ್ಯಾಭ್ಯಾಸ, ಪ್ರಯಾಣ, ದಿನವಿಡೀ ಕೈಯಲ್ಲಿ ಕರೆಯುತ್ತಿರುವ ದೂರವಾಣಿ, ಇವು ಸುಳ್ಳಲ್ಲ. ಆದರೆ ಹಳಕಟ್ಟಿಯವರಿಗೂ ಕೋರ್ಟಿನ ಕಾಗದಗಳಿದ್ದುವು, ಬ್ಯಾಂಕಿನ ಲೆಕ್ಕವಿದ್ದಿತು, ಹೆಂಡಿರು ಮಕ್ಕಳಿದ್ದರು. ಅವರು ಕಾವಿ ಧರಿಸಲಿಲ್ಲ, ಗುಡ್ಡ ಸೇರಲಿಲ್ಲ. ಅಧ್ಯಯನವನ್ನು ಅವರು ಮನಸ್ಸು ಬಂದಾಗ ಮಾಡುವ ವಿನೋದವನ್ನಾಗಿ ಇಟ್ಟುಕೊಳ್ಳದೆ, ಕಾಯಕದ ಸಾಲಿಗೆ ಸೇರಿಸಿದರು. ಕಾಯಕಕ್ಕೆ ಮನಸ್ಸು ಬರುವವರೆಗೆ ಕಾಯುವ ಪದ್ಧತಿಯಿಲ್ಲ. ನೇಕಾರನು ಉತ್ಸಾಹವಿದ್ದ ದಿನ ಮಾತ್ರ ಮಗ್ಗಕ್ಕೆ ಇಳಿಯುವನೆ? ಆತ್ಮೋನ್ನತಿಯೆಂದು ಈಗ ನೂರಾರು ಪುಸ್ತಕಗಳು ಬರುತ್ತಿವೆ. ಅವುಗಳಲ್ಲಿ ಬಹುಪಾಲು ತನ್ನನ್ನು ತಾನೇ ನೋಡಿಕೊಳ್ಳುವುದನ್ನು ಕಲಿಸುತ್ತವೆ. ಹಳಕಟ್ಟಿಯವರು ತಮ್ಮನ್ನು ತಾವು ತಿದ್ದಿಕೊಳ್ಳುವೆನೆಂದು ಹೊರಟವರಲ್ಲ. ಚದುರಿಹೋಗಿದ್ದ ಒಂದು ಹಿರಿಯ ವಸ್ತುವನ್ನು ಒಪ್ಪವಾಗಿ ಜೋಡಿಸಲು ಹೊರಟರು. ಜೋಡಿಸುವ ಕೆಲಸವೇ ಅವರನ್ನು ತಿದ್ದಿತು.

ಹೀಗೆ ಜೋಡಿಸಿದುದರ ಮೊದಲ ಫಲ ವಚನಶಾಸ್ತ್ರಸಾರವೆಂಬ ಗ್ರಂಥ. ಇದಕ್ಕೆ ಮುನ್ನವೇ, ೧೯೨೨ರಲ್ಲಿ, ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿ ಇಂಡಿಯನ್ ಆಂಟಿಕ್ವರಿ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿ, ಕನ್ನಡವರಿಯದ ವಿದ್ವಾಂಸರ ದೃಷ್ಟಿಗೂ ಅವನ್ನು ತಂದಿದ್ದರು. ವಚನಶಾಸ್ತ್ರಸಾರದಲ್ಲಿ ಅನೇಕ ಶರಣರ ವಚನಗಳನ್ನು ಕರ್ತೃವಿನ ಪ್ರಕಾರ ಇಡದೆ ವಿಷಯದ ಪ್ರಕಾರ, ಸ್ಥಲಗಳ ಕ್ರಮವನ್ನನುಸರಿಸಿ ವಿಂಗಡಿಸಿದ್ದಾರೆ. ಒಂದು ವಿಷಯದ ಮೇಲೆ ಬಸವಣ್ಣನವರೂ ಪ್ರಭುದೇವರೂ ಒಬ್ಬ ಅಜ್ಞಾತ ಕಾಯಕಜೀವಿಯೂ ಒಂದೇ ಪುಟದಲ್ಲಿ ನುಡಿಯುವಂತಾಯಿತು. ಅನುಭವಮಂಟಪದ ಗೋಷ್ಠಿಯನ್ನು ಕಾಗದದ ಮೇಲೆ ಮತ್ತೆ ಕೂಡಿಸಿದಂತೆ ಇದು ನನಗೆ ತೋರುತ್ತದೆ.

ಹಸ್ತಪ್ರತಿಯನ್ನು ಮುದ್ರಣಕ್ಕಾಗಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಕನ್ನಡದ ಒಳ್ಳೆಯ ಅಚ್ಚಿಗೆ ಆಗ ಅದೇ ಹೆಸರಾದ ಸ್ಥಳ. ಅಲ್ಲಿ ಅದು ಅಚ್ಚಾಗದೆ ಹಿಂದಿರುಗಿತು. ಕ್ರೈಸ್ತಮತಪ್ರಚಾರಕ್ಕೆ ಈ ಗ್ರಂಥ ಅಡ್ಡಿಯಾದೀತೆಂಬುದೇ ಕಾರಣವೆಂದು ಅನಂತರದವರು ಹೇಳುತ್ತ ಬಂದಿದ್ದಾರೆ. ಆದರೆ ಅದೇ ಮಿಷನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ಪದಗಳನ್ನೂ ಶರಣಸಾಹಿತ್ಯವನ್ನೂ ಶ್ರದ್ಧೆಯಿಂದ ಸಂಪಾದಿಸಿದರೆಂಬುದನ್ನು ಈ ಸಂಗತಿಯೊಡನೆ ಹೇಳದಿದ್ದರೆ ಅನ್ಯಾಯವಾದೀತು. ಅಂತೂ ಗ್ರಂಥವು ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ಬೆಳಕು ಕಂಡಿತು.

ಒಂದು ಗ್ರಂಥಕ್ಕೇ ಇಷ್ಟು ಅಲೆದಾಟವಾದರೆ, ಮನೆಯಲ್ಲಿ ರಾಶಿಯಾಗಿರುವ ಮಿಕ್ಕ ಪ್ರತಿಗಳ ಗತಿಯೇನು? ೧೯೨೫ರಲ್ಲಿ ಹಳಕಟ್ಟಿಯವರು ತಮ್ಮದೇ ಮುದ್ರಣಾಲಯವನ್ನು ಬಿಜಾಪುರದಲ್ಲಿ ಸ್ಥಾಪಿಸಿ, ಅದಕ್ಕೆ ಹಿತಚಿಂತಕವೆಂದು ಹೆಸರಿಟ್ಟರು. ಅದರ ವೆಚ್ಚಕ್ಕೆ ಇದ್ದ ಮನೆಯನ್ನು ಮಾರಿದರು.

ಈ ವಾಕ್ಯವನ್ನು ಭಾಷಣಗಳಲ್ಲಿ ಕೇಳಿ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಮನೆ ಮಾರುವುದೆಂದರೆ ಏನೆಂಬುದು ಗೃಹಸ್ಥರಿಗೆ ಗೊತ್ತು. ಮಾರಿದ ಮನೆಯಲ್ಲಿ ವಾಸವಾಗಿದ್ದವರು ಅವರೊಬ್ಬರೇ ಅಲ್ಲ. ಅಡಿಗೆಯ ಒಲೆ ಅದರಲ್ಲಿದ್ದಿತು, ಮಕ್ಕಳ ಹಾಸಿಗೆ ಅದರಲ್ಲಿದ್ದಿತು, ಪೂಜೆಯ ಜಗುಲಿ ಅದರಲ್ಲಿದ್ದಿತು. ವಕೀಲಿಯಲ್ಲಿ ಹೆಸರು ಪಡೆದ ಪತಿಯ ಗಳಿಕೆ ಕಾಗದಕ್ಕೂ ಮಸಿಗೂ ಸುರಿದುಹೋಗುವುದನ್ನು ಭಾಗೀರಥಿಯವರು ವರ್ಷವರ್ಷವೂ ಕಂಡರು. ಕೋರ್ಟಿನ ಕೆಲಸ ಹಿಂದೆ ಬಿದ್ದಂತೆ ಆದಾಯ ಕುಗ್ಗಿತು. ಬಡತನವು ಅತಿಥಿಯಂತೆ ಬಂದು ಮನೆಯವನಂತೆ ನಿಂತಿತು. ಇದು ಸರಿಯೆ? ಪರಹಿತಕ್ಕಾಗಿ ಸ್ವಂತದವರ ನೆರಳನ್ನು ತೆಗೆಯಲು ಗೃಹಸ್ಥನಿಗೆ ಅಧಿಕಾರವುಂಟೆ? ಇದು ಸುಲಭವಾದ ಪ್ರಶ್ನೆಯಲ್ಲ. ದಾಸೋಹವೆಂಬುದು ತನ್ನ ಪಾಲನ್ನು ಕೊಡುವುದು. ಇನ್ನೊಬ್ಬರ ಪಾಲನ್ನು ಕೊಡುವಾಗ ಅವರ ಒಪ್ಪಿಗೆಯೂ ಬೇಕು. ಆ ಮನೆಯೊಳಗೆ ಯಾವ ಮಾತುಗಳು ನಡೆದುವೋ ಹೊರಗಿನವರು ಹೇಳಲಾಗದು. ಕಣ್ಣಿಗೆ ಕಾಣುವುದಿಷ್ಟೇ: ಮುದ್ರಣಾಲಯವು ನಿಲ್ಲದೆ ನಡೆಯಿತು, ಸಂಸಾರವೂ ಒಡೆಯದೆ ನಡೆಯಿತು. ಒಬ್ಬರ ಹೆಸರಿನಲ್ಲಿ ಅಚ್ಚಾದ ಆ ಪುಸ್ತಕಗಳ ಬೆಲೆಯನ್ನು ಒಂದು ಕುಟುಂಬವೇ ತೆತ್ತಿತೆಂದು ನಾನು ತಿಳಿಯುತ್ತೇನೆ. ವಚನಪಿತಾಮಹರೆಂದು ಅವರಿಗೆ ಕೈಮುಗಿಯುವವರು ಭಾಗೀರಥಿಯವರಿಗೂ ಕೈಮುಗಿಯಬೇಕು.

ಮುದ್ರಣಾಲಯವಾದ ಮರುವರ್ಷವೇ, ೧೯೨೬ರಲ್ಲಿ, ಶಿವಾನುಭವ ಪತ್ರಿಕೆ ಹುಟ್ಟಿತು. ೧೯೨೭ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆ. ಶಿವಾನುಭವವನ್ನು ಅವರು ಸುಮಾರು ಮೂವತ್ತೈದು ವರ್ಷ ನಡೆಯಿಸಿದರು. ಧಾರ್ಮಿಕ ಪತ್ರಿಕೆಯೊಂದನ್ನು ನಡೆಯಿಸಿದವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ಚಂದಾದಾರರು ಕಡಮೆ, ಇದ್ದವರಲ್ಲಿಯೂ ಹಣ ಕಳುಹಿಸುವವರು ಇನ್ನೂ ಕಡಮೆ, ಕಾಗದದ ಬೆಲೆ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಮಹಾಯುದ್ಧದ ಕಾಲದ ಕಾಗದದ ಅಭಾವವನ್ನೂ ದಾಟಿ ಪತ್ರಿಕೆ ಸಾಗಿತು. ಅದರ ಮೂಲಕವೂ, ಬಿಡಿ ಪುಸ್ತಕಗಳ ಮೂಲಕವೂ ಬಸವಣ್ಣನವರ, ಪ್ರಭುದೇವರ ವಚನಗಳು, ಶೂನ್ಯಸಂಪಾದನೆ, ಹರಿಹರನ ರಗಳೆಗಳು, ಶಿವಶರಣೆಯರ ಚರಿತ್ರೆಗಳು ಒಂದೊಂದಾಗಿ ಹೊರಬಂದುವು. ಮಹಾಕವಿಯೆಂದು ಇಂದು ನಾವು ಕೊಂಡಾಡುವ ಹರಿಹರನ ಎಷ್ಟೋ ರಗಳೆಗಳು ಓಲೆಯಿಂದ ಅಚ್ಚಿಗೆ ಇಳಿದದ್ದು ಬಿಜಾಪುರದ ಆ ಪುಟ್ಟ ಮುದ್ರಣಾಲಯದಲ್ಲಿ.

ಮಾನಸಮ್ಮಾನಗಳು ಬಾರದೆ ಇರಲಿಲ್ಲ. ೧೯೨೬ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸರಕಾರದಿಂದ ರಾವ್ ಬಹಾದ್ದೂರ್ ಪದವಿಯೂ, ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಬಂದುವು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಾಗ, ಗೋಲಗುಮ್ಮಟವನ್ನು ತೋರಿಸಲು ಮುಂದಾದವರಿಗೆ, ತಾವು ಮೊದಲು ನೋಡಬೇಕಾದ ಗುಮ್ಮಟ ಹಳಕಟ್ಟಿಯವರೆಂದು ತಿಳಿಸಿ ಅವರ ಮನೆಗೆ ನಡೆದರೆಂದು ಆ ಊರಿನಲ್ಲಿ ಹೇಳುತ್ತಾರೆ. ಇದರಲ್ಲಿ ಪದವಿಗಳಿಗಿಂತ ದೊಡ್ಡ ಗೌರವವಿದೆ.

ಅವರ ಸಂಪಾದನೆಗಳಲ್ಲಿ ಕೊರತೆಗಳಿಲ್ಲವೆ ಎಂದು ಕೇಳಬಹುದು. ಇವೆ. ದೊರೆತ ಪ್ರತಿಯನ್ನು ಆದಷ್ಟು ಬೇಗ ಅಚ್ಚಿಗೆ ಕೊಡುವ ಆತುರ ಅವರಿಗಿದ್ದಿತು. ಪಾಠಭೇದಗಳನ್ನು ಸಂಪೂರ್ಣವಾಗಿ ಕೊಡುವ ಶಾಸ್ತ್ರೀಯ ಕ್ರಮವು ಅವರ ಎಲ್ಲ ಗ್ರಂಥಗಳಲ್ಲಿ ಕಾಣುವುದಿಲ್ಲ. ಅವರ ಬಳಿಕ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಹೆಚ್ಚು ಪ್ರತಿಗಳನ್ನು ಹೋಲಿಸಿ ಪಾಠಗಳನ್ನು ತಿದ್ದಿದರು. ೧೯೯೩ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರತಂದಿತು. ಆದರೆ ಆ ಆತುರಕ್ಕೆ ಕಾರಣವನ್ನೂ ನೋಡಬೇಕು. ಹುಳು ಓಲೆಯನ್ನು ತಿನ್ನುವಾಗ ವಿದ್ವಾಂಸರ ನಿರ್ಣಯಕ್ಕಾಗಿ ಕಾಯುವುದಿಲ್ಲ. ಉರಿಯುವ ಮನೆಯಿಂದ ಮಕ್ಕಳನ್ನು ಹೊರಗೆ ತರುವವನು ಅವರ ಅಂಗಿಯ ಗುಂಡಿ ಹಾಕುತ್ತ ಕೂಡುವನೆ? ತಿದ್ದುವವರಿಗೆ ತಿದ್ದಲು ಪಾಠವೊಂದು ಉಳಿದುದು ಅವರಿಂದ.

ಇಂದು ಅಂತರ್ಜಾಲದಲ್ಲಿ ಒಂದು ಪದವನ್ನು ಬರೆದರೆ ಆ ಪದವಿರುವ ವಚನಗಳೆಲ್ಲ ಕ್ಷಣದಲ್ಲಿ ಕಣ್ಣೆದುರು ನಿಲ್ಲುತ್ತವೆ. ಹಳಕಟ್ಟಿಯವರು ಒಂದು ಅಂಕಿತದ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಲೆದುದು ಈಗ ಮಕ್ಕಳಾಟವಾಗಿದೆ. ಇದು ಸಂತೋಷದ ವಿಷಯವೇ. ಆದರೆ ಮುಂಜಾನೆ ಒಂದು ವಚನವನ್ನು ಹೂವಿನ ಚಿತ್ರದೊಡನೆ ಹತ್ತು ಜನರಿಗೆ ಕಳುಹಿಸಿ, ಅದನ್ನು ಕಳುಹಿಸಿದವರೂ ಓದದೆ, ಪಡೆದವರೂ ಓದದೆ ಕೈಮುಗಿದು ಬಿಡುವುದನ್ನು ಕಾಣುವಾಗ, ಓಲೆಯ ಕಟ್ಟು ಪುನಃ ಜಗುಲಿಯನ್ನೇರಿತೆ ಎಂಬ ಸಂಶಯ ಬರುತ್ತದೆ.

ಹಳಕಟ್ಟಿಯವರ ಕಡೆಯ ವರ್ಷಗಳು ಸಮೃದ್ಧಿಯವಲ್ಲ. ೧೯೫೬ರ ನವೆಂಬರಿನಲ್ಲಿ ಅವರೂ ಅವರ ಗೆಳೆಯ ಆಲೂರರೂ ಬಯಸಿದ್ದ ಏಕೀಕರಣವು ಕೈಗೂಡಿ, ಮುಂಬಯಿ ಇಲಾಖೆಯ ಬಿಜಾಪುರವು ಕನ್ನಡನಾಡಿಗೆ ಸೇರಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಇಬ್ಬರಿಗೂ ದೊರೆಯಿತು. ವೃದ್ಧಾಪ್ಯದಲ್ಲಿಯೂ ಶಿವಾನುಭವದ ಕೆಲಸವನ್ನು ಅವರು ಬಿಡಲಿಲ್ಲ. ಪತ್ರಿಕೆ ನಿಂತುದು ಅವರು ಎಂಬತ್ತನ್ನು ದಾಟಿದ ಮೇಲೆಯೇ. ೧೯೬೪ರ ಜೂನ್ ತಿಂಗಳ ಕೊನೆಯಲ್ಲಿ, ಎಂಬತ್ತನಾಲ್ಕು ತುಂಬಲು ಕೆಲವೇ ದಿನಗಳು ಉಳಿದಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು.